ಬಾಗಿಲಲ್ಲಿ ನಿಲ್ಲದವರು

ಮೂವತ್ತೊಂದು ವರ್ಷ
ಜನರ ದುಡ್ಡು ಕೇಳಿ ತಂದವನು ನಾನು.
ಪಿಗ್ಮಿ ಶೆಟ್ಟಿಗಾರ್ ಅಂದರೆ
ಕಲ್ಸಂಕದಿಂದ ತೆಂಕಪೇಟೆಯವರೆಗೆ
ನಾಯಿಗಳಿಗೂ ಗುರ್ತ.
ಬಗಲಲ್ಲಿ ರೆಕ್ಸಿನ್ ಚೀಲ, ಕಿವಿಯ ಮೇಲೆ ಪೆನ್ನು,
ಅಂಗಡಿಯ ಮೆಟ್ಟಿಲು ಹತ್ತುವ ಮೊದಲು
ಒಂದು ಕೆಮ್ಮು.
ಕೆಮ್ಮದೆ ಯಾರ ಗಲ್ಲಾಪೆಟ್ಟಿಗೆಯ ಎದುರೂ
ನಿಂತವನಲ್ಲ.

ಮೀನು ಮಾರ್ಕೆಟಿನ ಅಪ್ಪಿಯಕ್ಕ
ಬಂಗುಡೆಯ ರಕ್ತದ ಕೈ ಸೆರಗಿಗೆ ಒರಸಿ
ಒದ್ದೆ ಐದರ ನೋಟು ಕೊಡುವಳು.
ದೋಣಿ ಬರಿಗೈಲಿ ಬಂದ ದಿನ
ದೂರದಿಂದಲೇ ಕೈಯಾಡಿಸಿ, "ಇನಿ ಇಜ್ಜಿ, ಎಲ್ಲೆ ಬಲೆ."
ಅಷ್ಟೇ. ನಾನು ಮುಂದಿನ ಅಂಗಡಿಗೆ.
ಇಲ್ಲ ಅನ್ನುವ ಮಾತಿಗೂ
ರಶೀದಿಯಷ್ಟೇ ಬೆಲೆ ಇತ್ತು ಆಗ.

ಈಗ ಪ್ರತಿ ತಿಂಗಳ ಹದಿನಾಲ್ಕಕ್ಕೆ,
ಬೆಳಗಿನ ಜಾವ ಮೂರೂ ಹನ್ನೆರಡಕ್ಕೆ,
ಯಾರೋ ಬಂದು ಹೋಗುತ್ತಾರೆ ನನ್ನ ಖಾತೆಗೆ.
ಕೆಮ್ಮುವುದಿಲ್ಲ.
ಚಪ್ಪಲಿ ಕಳಚುವುದಿಲ್ಲ.
ನಾನೂರ ನಲವತ್ತೊಂಬತ್ತು.

ವಿಷಯ ಇಷ್ಟೇ: ಕಳೆದ ವರ್ಷ ರೇಷನ್ ಕಾರ್ಡಿನ
ಒಂದು ಹಾಳೆ ಸ್ಕ್ಯಾನ್ ಮಾಡಬೇಕಿತ್ತು.
ಏಳು ದಿನ ಉಚಿತ ಎಂದಿತು ಆ್ಯಪು.
ಜೆರಾಕ್ಸ್ ಅಂಗಡಿಯಲ್ಲಾದರೆ ಐದು ರೂಪಾಯಿಯ ಕೆಲಸ,
ಆದರೆ ಮಳೆ, ಕೊಡೆಯ ಕಡ್ಡಿ ಮುರಿದಿತ್ತು,
ನಿಜ ಹೇಳಬೇಕೆಂದರೆ ಸೋಮಾರಿತನ.
ಹನ್ನೊಂದು ತಿಂಗಳಲ್ಲಿ
ನಾಲ್ಕು ಸಾವಿರದ ಒಂಬೈನೂರ ಮೂವತ್ತೊಂಬತ್ತು.
ಆ ಹಾಳೆ ಈಗ ಎಲ್ಲಿದೆಯೋ, ನೆನಪಿಲ್ಲ.

ಬ್ಯಾಂಕಿಗೆ ಹೋದೆ. ನನ್ನದೇ ಬ್ಯಾಂಕು,
ಬೋರ್ಡಿನ ಹೆಸರು ಮಾತ್ರ ಬೇರೆ.
ಕೌಂಟರಿನ ಹುಡುಗಿ ಸ್ಕ್ರೀನು ತಿರುಗಿಸಿ ತೋರಿಸಿದಳು:
"ನೋಡಿ ಸರ್, ನೀವೇ ಒಪ್ಪಿಗೆ ಕೊಟ್ಟದ್ದು."
ಹೌದು, ಕೊಟ್ಟದ್ದು. ಓದದೆ.
ಬ್ಯಾಲೆನ್ಸ್ ಕಡಿಮೆಯಾದ್ದಕ್ಕೆ ದಂಡ ಬೇರೆ,
ಕಳ್ಳ ಹೊಕ್ಕ ಮನೆಯವನಿಗೆ
ಬಾಗಿಲು ತೆರೆದಿಟ್ಟ ಜುಲ್ಮಾನೆ.

ಹೊರಗೆ ಬಂದು ಮೆಟ್ಟಿಲಲ್ಲಿ ಕೂತಾಗ
ಯಾಕೋ ವಿಟ್ಠಲ ಭಂಡಾರಿಯ ಸೆಲೂನು ನೆನಪಾಯಿತು.
ತೊಂಬತ್ತೆರಡರಲ್ಲೋ ತೊಂಬತ್ತಮೂರರಲ್ಲೋ.
ಭಂಡಾರಿ ಆಸ್ಪತ್ರೆಯಲ್ಲಿ. ಕುರ್ಚಿಗೆ ಬಟ್ಟೆ ಹೊದೆಸಿತ್ತು.
ಹತ್ತು ವರ್ಷದ ಮಗ ಒಬ್ಬನೇ ಗುಡಿಸುತ್ತಿದ್ದ,
ಯಾರ ಕೂದಲೂ ಬೀಳದ ನೆಲವನ್ನು.
ನಾನು ಕೆಮ್ಮಿದೆ.
ಅವನು ಡ್ರಾಯರೆಳೆದು
ಒಳಗಿದ್ದ ಒಂದೇ ಹತ್ತರ ನೋಟು ಕೊಟ್ಟ.
ಇಲ್ಲ ಅನ್ನಬಹುದು ಎಂದು
ಅವನಿಗೆ ಯಾರೂ ಹೇಳಿರಲಿಲ್ಲ.
ನಾನೂ ಹೇಳಲಿಲ್ಲ.
ತಿಂಗಳ ಟಾರ್ಗೆಟ್ಟಿಗೆ ಹತ್ತೇ ಕಮ್ಮಿ ಇತ್ತು.
ರಶೀದಿ ಬರೆದೆ, ಚಂದದ ಅಕ್ಷರದಲ್ಲಿ.

ಸಂಜೆ ಪಕ್ಕದ ಮನೆಯ ಜೋವಿಟ
ಫೋನು ಕಸಿದುಕೊಂಡು
ಸೆಟ್ಟಿಂಗಿನೊಳಗಿನ ಸೆಟ್ಟಿಂಗು ಹೊಕ್ಕಳು.
ಮುಂದುವರಿಸಿ ಎಂಬುದು ಹಸಿರು, ಕುಂಬಳಕಾಯಿಯಷ್ಟು.
ರದ್ದು ಎಂಬುದು ಬೂದಿ, ನೊರಜಿನಷ್ಟು.
ಒತ್ತಿದರೆ ಕೇಳುತ್ತದೆ: ನಿಜವಾಗಿಯೂ ಹೋಗುತ್ತೀರಾ?
ಅರ್ಧ ಬೆಲೆಗೆ ಕೊಟ್ಟರೆ ಇರುತ್ತೀರಾ?
ಕಾರಣ ತಿಳಿಸಿ.
ಐದು ಕಾರಣ ಅವರೇ ಬರೆದಿದ್ದರು,
ನನ್ನದು ಅದರಲ್ಲಿರಲಿಲ್ಲ.
"ಅಂಕಲ್, ಇತರೆ ಒತ್ತಿ."
ಖಾಲಿ ಚೌಕ ತೆರೆಯಿತು.
ಇನಿ ಇಜ್ಜಿ, ಎಂದು ಬರೆದೆ.
ಬೆರಳು ಹಳೇ ಗುಂಗಿನಲ್ಲಿ
ಎಲ್ಲೆ ಬಲೆ ಎಂದೂ ಬರೆಯಿತು.
ಅದನ್ನು ಮಾತ್ರ
ಒಂದೊಂದೇ ಅಕ್ಷರ ಹಿಂದಕ್ಕೆ ಹೋಗಿ ಅಳಿಸಿದೆ.

ಹದಿನಾಲ್ಕರ ರಾತ್ರಿ ನಿದ್ದೆ ಬರಲಿಲ್ಲ.
ಮೂರೂ ಹನ್ನೊಂದು. ಮೂರೂ ಹನ್ನೆರಡು.
ಫೋನು ಕಪ್ಪಗೆ ಮಲಗಿತ್ತು.
ಕತ್ತಲಲ್ಲಿ ಯಾರೋ ಕೆಮ್ಮಿದರು,
ನಾನೇ.

ಬೆಳಿಗ್ಗೆ ಆ ಸೆಲೂನಿಗೆ ಹೋಗಬೇಕು,
ಈಗ ಮಗನೇ ನಡೆಸುತ್ತಾನಂತೆ.
ಕೂದಲೇನೂ ಬೆಳೆದಿಲ್ಲ.